ಚೆಕ್ಕಿಗೆ ಹಚ್ಚಿದ ಅರಿಶಿನ

ಅಪ್ಪ ತೀರಿಕೊಂಡ ಮೇಲೆ ಅಮ್ಮ ಕನಕಪುರದ ನಮ್ಮ ಮನೆಯಲ್ಲೇ ರಾಗಿ ಹುರಿಹಿಟ್ಟು ಮಾಡಿ ಮಾರುತ್ತಿದ್ದಳು. ವ್ಯಾಪಾರ ಕುದುರಿತು. ಬಸ್ ನಿಲ್ದಾಣದ ಹತ್ತಿರ ಒಂದು ಮಳಿಗೆ ಹಿಡಿಯುವ ಮನಸ್ಸಾಯಿತು. ಮಳಿಗೆಯ ಮಾಲೀಕರು ಮುಂಗಡವನ್ನು ಚೆಕ್ಕಿನಲ್ಲೇ ಕೊಡಬೇಕೆಂದರು. ಹಾಗಾಗಿ ಅಮ್ಮನನ್ನು ಬ್ಯಾಂಕಿಗೆ ಕರೆದುಕೊಂಡು ಹೋದೆ.

ಅಲ್ಲಿನ ಗುಮಾಸ್ತರು ತಾಳ್ಮೆಯ ಮನುಷ್ಯ. ಉಳಿತಾಯ ಖಾತೆ ಮನೆಯವರಿಗೆ, ಚಾಲ್ತಿ ಖಾತೆ ವ್ಯಾಪಾರದವರಿಗೆ. ಚಾಲ್ತಿಯಲ್ಲಿ ಎಷ್ಟು ಸಲ ಬೇಕಾದರೂ ಹಣ ಹಾಕಿ ತೆಗೆಯಬಹುದು, ಆದರೆ ಬಡ್ಡಿ ಬರುವುದಿಲ್ಲ, ಒಂದಿಷ್ಟು ಹಣ ಯಾವಾಗಲೂ ಖಾತೆಯಲ್ಲಿ ಇರಲೇಬೇಕು ಎಂದು ವಿವರಿಸಿದರು.

“ಬಡ್ಡಿ ಕೊಡಾಕಿಲ್ಲ, ಖಾಲಿ ಮಾಡಂಗೂ ಇಲ್ಲ. ಚೆಂದಾಗೈತೆ ನಿಮ್ ಯಾಪಾರ,” ಎನ್ನುತ್ತಲೇ ಅಮ್ಮ ಚಾಲ್ತಿ ಖಾತೆಯ ಅರ್ಜಿಗೆ ಸಹಿ ಹಾಕಿದಳು.

ಚೆಕ್ ಪುಸ್ತಕ ಬಂತು. ನಮ್ಮ ಮನೆಯಲ್ಲಿ ಲಗ್ನಪತ್ರಿಕೆಯಿಂದ ಸ್ಕೂಟರಿನವರೆಗೆ ಹೊಸದು ಏನೇ ಬಂದರೂ ಮೊದಲು ಅರಿಶಿನ ಕುಂಕುಮ ಬೀಳಬೇಕು. ಪಕ್ಕದ ಮನೆಯಲ್ಲೇ ಇರುವ ದೊಡ್ಡಮ್ಮ, ಅಮ್ಮನ ಸ್ವಂತ ಅಕ್ಕ, ಬಟ್ಟಲು ಹಿಡಿದೇ ಬಂದಳು. “ನೀನ್ ಮುಟ್ಬ್ಯಾಡ ಕಣಮ್ಮಿ, ನಾನು ಹಚ್ತೀನಿ.” ಗಂಡನಿಲ್ಲದವಳ ಕೈ ಶುಭಕ್ಕೆ ಆಗದು ಎಂಬುದು ಅವಳ ಲೆಕ್ಕ. ಅಮ್ಮ ಅಂದು ಅವಳ ಮಾತು ಕೇಳಲಿಲ್ಲ. ಮೊದಲ ಹಾಳೆಯ ನಾಲ್ಕೂ ಮೂಲೆಗೆ ತಾನೇ ಧಾರಾಳವಾಗಿ ಅರಿಶಿನ ಹಚ್ಚಿ, ಬರೆದು, ಮಾಲೀಕರಿಗೆ ಕೊಟ್ಟಳು.

ಮಾರನೆಯ ದಿನವೇ ಅವರು ಚೆಕ್ ಹಿಡಿದು ಬಾಗಿಲಿಗೆ ಬಂದರು. “ಇದು ನಡಿಯಾಕಿಲ್ಲ ಅಂದ್ರು ಬ್ಯಾಂಕ್ನೋರು. ಸೋಮವಾರದೊಳ್ಗೆ ಸರಿ ಮಾಡ್ಕೊಡಿ. ಇನ್ನೊಬ್ರೂ ಮಳಿಗೆ ಕೇಳ್ತಾವ್ರೆ.”

“ನಾನ್ ಬಡ್ಕಂಡೆ, ನಿನ್ ಕೈಲಿ ಬ್ಯಾಡ ಅಂತ,” ಎಂದಳು ದೊಡ್ಡಮ್ಮ.

ಸಂಜೆ ಅಮ್ಮ ರಾಗಿ ಹುರಿಯುತ್ತಾ, “ಮಳಿಗೇನ ನಮ್ಮಕ್ಕನ ಹೆಸರಲ್ಲೇ ಹಿಡಿಯಾನ ಬುಡು ಮಗಾ. ನನ್ ಕೈ ಸರಿ ಇಲ್ಲ,” ಎಂದಳು. ನನಗೆ ದೊಡ್ಡಮ್ಮನ ಮೇಲೆ ಮೈಯೆಲ್ಲ ಉರಿಯಿತು.

ಮರುದಿನ ಅಮ್ಮನನ್ನು ಬಲವಂತವಾಗಿ ಬ್ಯಾಂಕಿಗೆ ಹೊರಡಿಸಿದೆ. ಕರೆಯದಿದ್ದರೂ ದೊಡ್ಡಮ್ಮ ಜೊತೆಗೆ ಬಂದಳು.

ಗುಮಾಸ್ತರು ಚೆಕ್ಕನ್ನು ತಿರುಗಿಸಿ ನೋಡಿದರು. “ಖಾತೇಲಿ ದುಡ್ಡಿದೆ, ಸಹಿನೂ ಸರಿ ಇದೆ. ಕೆಳಗಡೆ ನಂಬರ್ ಮೇಲೆ ಅರಿಶಿನ ಮೆತ್ತಿದೆ ನೋಡಿ, ಮೆಷಿನ್ ಓದಲ್ಲ. ಇನ್ನೊಂದು ಬರೆದುಕೊಡಿ.”

ಅಮ್ಮ ಬಗ್ಗಿ ಚೆಕ್ಕಿನ ಕೆಳಗಿನ ಹಳದಿ ಕಲೆ ನೋಡಿದಳು. “ಯಾರು ಹಚ್ಚುದ್ರೂ ಓದಾಕಿಲ್ವಾ ಸಾ?”

“ಯಾರು ಹಚ್ಚಿದ್ರೂ ಅಷ್ಟೇ ಅಮ್ಮ.”

“ಒಸಿ ಜೋರಾಗಿ ಯೋಳಿ. ನಮ್ಮಕ್ಕಂಗೆ ಕಿವಿ ಮಂದ.”

ಅವರು ಪಾಪ, ಇಡೀ ಶಾಖೆಗೆ ಕೇಳುವಂತೆ ಹೇಳಿದರು. ದೊಡ್ಡಮ್ಮನ ಕಿವಿಗೆ ಯಾವ ತೊಂದರೆಯೂ ಇರಲಿಲ್ಲ.

ಎರಡನೆಯ ಚೆಕ್ ಪಾಸಾಯಿತು. ಮಳಿಗೆ ತೆರೆದ ದಿನ ಹೊಸ್ತಿಲಿಗೆ ಅರಿಶಿನ ಹಚ್ಚಿದ್ದು ಅಮ್ಮನೇ. ದೊಡ್ಡಮ್ಮ ಬಟ್ಟಲು ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದಳು.