ಐದರ ಘಾತ ಸೊನ್ನೆ

ಪ್ರೌಢಶಾಲೆಯ ಗಣಿತ ಬೋಧನೆಯಲ್ಲಿ ಉತ್ತರಕ್ಕಿರುವಷ್ಟೇ ಮರ್ಯಾದೆಯನ್ನು ಪ್ರಶ್ನೆಗೂ ದೊರಕಿಸಿಕೊಟ್ಟ ವಿರಳ ಅಧ್ಯಾಪಕರಲ್ಲಿ, ಈಗ ಸೇವೆಯಿಂದ ನಿವೃತ್ತರಾಗುತ್ತಿರುವ ನಮ್ಮ ಗಣಿತದ ಮೇಡಂ ಒಬ್ಬರು. ಮಕ್ಕಳ ಬಾಯಲ್ಲಿ ಅವರು ‘ಯಾಕೆ ಮೇಡಂ’. ಆ ಹೆಸರು ಅವರಿಗೆ ಸುಮ್ಮನೆ ಅಂಟಿದ್ದಲ್ಲ.

ಸೇವೆಗೆ ಸೇರಿದ ಹೊಸತರಲ್ಲಿ ಅವರೂ ಎಲ್ಲರಂತೆಯೇ ಪಾಠ ಮಾಡುತ್ತಿದ್ದರು. ಆಧಾರ ಒಂದೇ ಇದ್ದರೆ ಗುಣಿಸುವಾಗ ಘಾತಾಂಕಗಳನ್ನು ಕೂಡಬೇಕು, ಭಾಗಿಸುವಾಗ ಕಳೆಯಬೇಕು, ಘಾತ ಸೊನ್ನೆಯಾದರೆ ಉತ್ತರ ಒಂದು ಎಂದು ಇಡೀ ತರಗತಿಯಿಂದ ಒಕ್ಕೊರಲಿನಲ್ಲಿ ಹೇಳಿಸುತ್ತಿದ್ದರು. ಫಲಿತಾಂಶಕ್ಕೇನೂ ಕೊರತೆಯಿರಲಿಲ್ಲ.

ತಾಯಿಯ ಕಾಯಿಲೆಯಿಂದಾಗಿ ಬಹಳ ದಿನ ಶಾಲೆ ತಪ್ಪಿಸಿಕೊಂಡಿದ್ದ ಹುಡುಗಿಯೊಬ್ಬಳು ಒಮ್ಮೆ ಎದ್ದು ನಿಂತಳು.

“ಮೇಡಂ, ಐದರ ಘಾತ ಮೂರು ಅಂದ್ರೆ ಮೂರು ಐದುಗಳನ್ನ ಗುಣಿಸೋದು. ಘಾತ ಸೊನ್ನೆ ಅಂದ್ರೆ ಒಂದು ಐದೂ ಇಲ್ಲ. ಏನೂ ಇಲ್ಲದ ಕಡೆ ಉತ್ತರ ಒಂದು ಹೇಗಾಗುತ್ತೆ?”

ತರಗತಿ ಗೊಳ್ಳೆಂದಿತು. “ನಿಯಮ ಅಂದ್ರೆ ನಿಯಮ. ಕೂತ್ಕೋ,” ಎಂದರು ಮೇಡಂ. ಹುಡುಗಿ ಕೂತಳು. ಮರುವಾರದಿಂದ ಶಾಲೆಗೇ ಬರಲಿಲ್ಲ.

ಆ ಖಾಲಿ ಜಾಗ ಅವರ ಕಣ್ಣಿಗೆ ಚುಚ್ಚತೊಡಗಿತು. ತಮಗೇ ಉತ್ತರ ಗೊತ್ತಿರಲಿಲ್ಲವೆಂಬುದು ಅವರೊಬ್ಬರಿಗೇ ಗೊತ್ತಿತ್ತು. ಕಾಲೇಜಿನ ಹಳೆಯ ಪುಸ್ತಕಗಳನ್ನು ತಿರುವಿ ಹಾಕಿ, ಕಾರಣ ತಿಳಿದುಕೊಂಡು, ಒಂದು ಸಂಜೆ ಹುಡುಗಿಯ ಮನೆ ಹುಡುಕಿಕೊಂಡು ಹೋದರು. ಹೊಲಿಗೆ ಯಂತ್ರದ ಮುಂದೆ ಕೂತಿದ್ದ ತಾಯಿ ತಲೆಯೆತ್ತಿದಳು.

“ತನಗೆ ಲೆಕ್ಕ ತಲೆಗೆ ಹತ್ತೋಲ್ಲ ಅಂತ ಅವಳೇ ತೀರ್ಮಾನ ಮಾಡ್ಬಿಟ್ಟಿದ್ದಾಳಮ್ಮ. ಹೊಲಿಗೆ ಕಲೀತಾಳೆ, ಬಿಡಿ.”

ಬಾಗಿಲ ಮರೆಯಲ್ಲಿ ನಿಂತಿದ್ದ ಹುಡುಗಿಯ ಕಡೆ ತಿರುಗಿ ಮೇಡಂ ಹೇಳಿದರು: “ನೀನು ಕೇಳಿದ್ದು ಸರಿ ಇತ್ತು ಮಗಳೇ. ನನಗೆ ಗೊತ್ತಿರಲಿಲ್ಲ, ಅದಕ್ಕೇ ಗದರಿಸಿದೆ. ನಾಳೆ ಬಾ, ಎಲ್ಲರ ಮುಂದೆ ಇದನ್ನೇ ಹೇಳ್ತೀನಿ.”

ಮರುದಿನ ಹುಡುಗಿ ಬಂದಳು; ಹೇಳಿದಂತೆಯೇ ಮೇಡಂ ತರಗತಿಯಲ್ಲಿ ತಪ್ಪೊಪ್ಪಿಕೊಂಡರು. ಆಮೇಲೆ ಹಲಗೆಯ ಮೇಲೆ ಐದರ ಘಾತ ಮೂರು ನೂರಿಪ್ಪತ್ತೈದು, ಅದರ ಕೆಳಗೆ ಘಾತ ಎರಡು ಇಪ್ಪತ್ತೈದು, ಅದರ ಕೆಳಗೆ ಘಾತ ಒಂದು ಐದು ಎಂದು ಬರೆದರು. “ಘಾತ ಒಂದೊಂದೇ ಇಳಿದ ಹಾಗೆ ಏನಾಗ್ತಿದೆ?”

“ಐದರಿಂದ ಭಾಗಿಸ್ತಿದ್ದೀವಿ,” ಎಂದಳು ಹುಡುಗಿ ಎದ್ದು ನಿಂತು. ಕೊನೆಯ ಸಾಲಿನ ಐದನ್ನು ಬೆರಳಲ್ಲಿ ತೋರಿಸಿ, “ಹಾಗಾದ್ರೆ ಐದನ್ನ ಐದರಿಂದ ಭಾಗಿಸಿದ್ರೆ... ಒಂದೇ ಬರ್ಬೇಕು!” ಎಂದಳು. ಕೂರಲಿಲ್ಲ. “ಇನ್ನೂ ಕೆಳಗೆ ಇಳಿದ್ರೆ, ಐದರಲ್ಲಿ ಒಂದು ಭಾಗ. ಅದಕ್ಕೂ ಘಾತ ಇದೆಯಾ ಮೇಡಂ?”

ಋಣ ಘಾತಾಂಕದ ಪಾಠ ಇನ್ನೂ ಮುಂದಿತ್ತು. ಮೇಡಂ ಸೀಮೆಸುಣ್ಣವನ್ನು ಅವಳ ಕೈಗೆ ಕೊಟ್ಟು ತಾವು ಹಿಂದಿನ ಬೆಂಚಿಗೆ ಹೋಗಿ ಕೂತರು. ಆ ದಿನ ಯಾರೂ ನಗಲಿಲ್ಲ.

ಅಂದಿನಿಂದ ಯಾವ ನಿಯಮವನ್ನೂ ಯಾಕೆಂದು ಕೇಳದೆ ಅವರು ಮುಂದೆ ಸಾಗಿದ್ದಿಲ್ಲ. ಪಾಠ ಹಿಂದೆ ಬೀಳುತ್ತಿದೆಯೆಂದು ಮುಖ್ಯೋಪಾಧ್ಯಾಯರು ಸಿಡಿಮಿಡಿಗೊಂಡದ್ದುಂಟು. ಮೇಡಂ ಶನಿವಾರದ ಮಧ್ಯಾಹ್ನಗಳನ್ನು ಮಕ್ಕಳಿಗೆ ಕೊಟ್ಟು ಆ ಬಾಕಿ ತುಂಬಿದರು. ಅಂದಿನ ಆ ಹುಡುಗಿ ಶಾಲೆ ಮುಗಿಸಿ, ಓದು ಮುಂದುವರಿಸಿ, ಈಗ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸದಲ್ಲಿದ್ದಾಳೆ.

ಗಣಿತದಲ್ಲಿ ಅನುತ್ತೀರ್ಣರಾದ ಮಕ್ಕಳಿಗಾಗಿ ಇನ್ನು ಮುಂದೆ ಸಂಜೆ ಹೊತ್ತು ಊರಿನ ವಾಚನಾಲಯದಲ್ಲಿ ಕೂರುವುದಾಗಿ ಮೇಡಂ ಹೇಳಿದ್ದಾರೆ. ಅವರಿಗೆ ದೀರ್ಘಾಯುಸ್ಸು, ಆರೋಗ್ಯ ದೊರೆಯಲಿ. ಅವರ ಮೇಜಿನ ಮುಂದೆ ಅನುಮಾನ ಹೊತ್ತು ಬಂದ ಯಾವ ಮಗುವೂ ತಲೆ ತಗ್ಗಿಸಿ ಹಿಂದಿರುಗದಿರಲಿ.