ಇಲಿಯ ಯೋಗಕ್ಷೇಮ

ಬಬ್ಬೂರಿನ ಪುಟ್ಟಕ್ಕನ ಹಂಗೆ ಇಲಿಯ ಯೋಗಕ್ಷೇಮ ವಿಚಾರಿಸಿದವರು ಹಿರಿಯೂರು ಸೀಮೆಯಲ್ಲೇ ಇನ್ನೊಬ್ಬರಿಲ್ಲ. ನಗೋರು ನಗಲಿ, ಅವಳ ಸಂಕಟ ಅವಳಿಗೇ ಗೊತ್ತು.

ಗಂಡ ಕಾಟಪ್ಪ ತೆಂಗಿನಮರ ಹತ್ತಿ ಕಾಯಿ ಕೆಡವೋನು. ಎಪ್ಪತ್ತಾರನೇ ಇಸವಿಯಲ್ಲಿ ಒಂದು ದಿನ ಹಿಡಿದ ಗರಿ ಕೈಕೊಟ್ಟು ಮೇಲಿಂದ ಬಿದ್ದ. ಕೆಳಗೆ ಕಾಯಿ ಆರಿಸುತ್ತಿದ್ದ ಪುಟ್ಟಕ್ಕ ಓಡಿಬಂದು, ಕಂಕುಳಿಗೆ ಕೈ ಹಾಕಿ ಎತ್ತಿ ಕೂರಿಸಿ, ಎಳನೀರು ಕುಡಿಸಿದಳು. ಬಿದ್ದವರನ್ನು ಮಲಗಿಸಿಟ್ಟರೆ ಜೀವ ಹೋಗುತ್ತೆ ಅಂತ ಅವಳ ನಂಬಿಕೆ, ಏನ್ ಮಾಡ್ತೀರಿ? ಹಿರಿಯೂರಿನ ಡಾಕ್ಟರು ಏಕಾಂತಪ್ಪನವರು ಬೆನ್ನು ನೋಡಿ, ಮುರಿದ ಮೂಳೆ ಒಳಗಿನ ನರದ ಹುರಿಯನ್ನು ಜಜ್ಜಿಬಿಟ್ಟಿದೆ, ಅಲುಗಿಸದೆ ಹಲಗೆ ಮೇಲೆ ತರಬೇಕಿತ್ತು ಅಂದರು. ಸೊಂಟದಿಂದ ಕೆಳಗೆ ಚಿವುಟಿದರೂ ಕಾಟಪ್ಪನಿಗೆ ಗೊತ್ತಾಗುತ್ತಿರಲಿಲ್ಲ. ಮರ ಕೆಡವಿತು ಸರಿ, ಕಾಲು ಕಳೆದೋಳು ನಾನೇ ಅಂತ ಪುಟ್ಟಕ್ಕ ಒಳಗೊಳಗೇ ಬೆಂದಳು.

ಅವಳ ಅಳು ನೋಡಲಾರದೆ ಡಾಕ್ಟರು ಒಂದಿನ ಎಲ್ಲೋ ಓದಿದ್ದನ್ನು ಹೇಳಿಬಿಟ್ಟರು. ಪರದೇಶದಲ್ಲಿ ಬೆನ್ನುಹುರಿ ಕೆಟ್ಟ ಇಲಿಗೆ, ಇನ್ನೂ ಹುಟ್ಟದ ಮರಿಯ ಎಳೇ ಜೀವಕೋಶ ತೆಗೆದು ಗಾಯದೊಳಗೆ ಸೇರಿಸುತ್ತಾರಂತೆ. ಅದು ಹಿಡಿದುಕೊಂಡರೆ ಕಾಲಿಗೆ ಜೀವ ಬಂದರೂ ಬರಬಹುದಂತೆ.

"ನನ್ನ ಬೆನ್ನಿಂದ ತಗಳ್ರಿ ಸಾರ್, ಎಷ್ಟು ಬೇಕಾದ್ರೂ ತಗಳ್ರಿ," ಅಂದಳು ಪುಟ್ಟಕ್ಕ, ಅಲ್ಲೇ ಸೆರಗು ಸರಿಸಿ ಬೆನ್ನು ತಿರುಗಿಸಿ ಕೂತು.

ಡಾಕ್ಟರು ಪೆಚ್ಚಾದರು. ಮನುಷ್ಯರಿಗೆ ಇನ್ನೂ ಇಲ್ಲಮ್ಮ, ಮೊದಲು ಇಲಿ ಎದ್ದು ನಡೀಲಿ ಅಂದರು. ಅಷ್ಟೇ ಸಾಕಾಯಿತು. ಮುಂದಿನ ಮೂರು ವರ್ಷ ಔಷಧಿಗೆ ಹೋದಾಗಲೆಲ್ಲ ಬಾಗಿಲಲ್ಲೇ ನಿಂತು, ಇಲಿ ಎದ್ದಿತಾ ಅಂತ ಕೇಳೋಳು. ಇಲ್ಲ ಅಂದರೆ ಮನೆಗೆ ಬಂದು ಗಂಡನಿಗೆ, ಇನ್ನೊಂದು ತಿಂಗಳು ನೋಡಾಣ ಅನ್ನೋಳು. ಕಾಟಪ್ಪ ಹೂಂಗುಟ್ಟೋನು. ಪಾಪ, ಒಂದು ದಿನವೂ ನಿನ್ನಿಂದಾತು ಅನ್ನಲಿಲ್ಲ.

ಎಪ್ಪತ್ತೊಂಬತ್ತರ ಚಳಿಗಾಲ. ಬೆಳಿಗ್ಗೆ ಕಂಬಳಿ ಸರಿಸಿದರೆ ಕಾಟಪ್ಪನ ಕಾಲಿನ ಹೆಬ್ಬೆರಳು ಅರ್ಧ ಇಲ್ಲ. ಹಾಸಿಗೆಯೆಲ್ಲ ರಕ್ತ. ಇಲಿ ತಿಂದುಹೋಗಿತ್ತು.

"ಯಾಕೇ ಅಳ್ತೀಯ, ಏನಾತು?" ಅಂತ ಕಾಟಪ್ಪ ಕೇಳುತ್ತಿದ್ದ.

ಈ ಸಲ ಅವನನ್ನು ಹಲಗೆ ಮೇಲೆ ಮಲಗಿಸಿ, ಒಂಚೂರೂ ಅಲುಗದ ಹಂಗೆ ಗಾಡಿಯಲ್ಲಿ ತಂದಳು. ಆಸ್ಪತ್ರೆಯಲ್ಲಿ ಏನನ್ನೂ ಕೇಳಲಿಲ್ಲ. ಬೆರಳಿಗೆ ಕಟ್ಟು ಹಾಕುತ್ತಾ ಏಕಾಂತಪ್ಪನವರೇ ಬಾಯಿಬಿಟ್ಟು, ಮೊನ್ನೆ ಪರದೇಶದಲ್ಲಿ ಒಂದು ಇಲಿ ಹಿಂಗಾಲು ಅಲುಗಿಸಿತಂತಮ್ಮ ಅಂದರು. ಓದಿದ್ದೋ, ಅವಳಿಗಾಗಿ ಹುಟ್ಟಿಸಿದ್ದೋ, ದೇವರೇ ಬಲ್ಲ.

"ನಮ್ಮನೆ ಇಲಿ ಚೆನ್ನಾಗೇ ನಡೀತೈತೆ ಸಾರ್," ಅಂದಳು ಪುಟ್ಟಕ್ಕ. "ಅದಕ್ಕೆ ಒಂಚೂರು ಪಾಷಾಣ ಇದ್ರೆ ಕೊಡ್ರಿ."