ಗ್ಲೂಕೋಸ್ ಹಾಕಿಸಿಕೊಂಡ ಮಿಷನ್ನು

ಗ್ಲೂಕೋಸ್ ಬಾಟಲಿ ತೊಟ್ಟಿಕ್ಕುವುದನ್ನು ಕಂಡರೆ ನಿಮಗೆ ಏನು ನೆನಪಾಗುತ್ತದೋ ನನಗೆ ಗೊತ್ತಿಲ್ಲ. ನನಗೆ ನೆನಪಾಗುವುದು ಒಂದು ಪ್ರಿಂಟಿಂಗ್ ಮಿಷನ್ನು. ಕಳೆದ ವಾರ ಚಿಕ್ಕಬಳ್ಳಾಪುರದ ಒಂದು ಆಸ್ಪತ್ರೆಯಲ್ಲಿ ಜ್ವರ ಬಂದು ಮಲಗಿದ್ದ ಚಿಕ್ಕಮ್ಮನನ್ನು ನೋಡಲು ಹೋಗಿದ್ದೆ. ಬಾಗಿಲಲ್ಲಿ ನಿಂತವಳಿಗೆ ಮೊದಲು ಕಂಡದ್ದು ಚಿಕ್ಕಮ್ಮನ ಮುಖವಲ್ಲ, ತಲೆಯ ಮೇಲೆ ನೇತಾಡುತ್ತಿದ್ದ ಬಾಟಲಿ. ಕಿಸಕ್ಕನೆ ನಕ್ಕುಬಿಟ್ಟೆ. ಪಕ್ಕದ ಮಂಚದವರು ನನ್ನನ್ನು ದುರುಗುಟ್ಟಿ ನೋಡಿದರು. ಚಿಕ್ಕಮ್ಮ ಮಾತ್ರ, "ಮಿಷನ್ ಗ್ಯಾಪಕ ಬಂತೇನೇ?" ಎಂದು ತಾನೂ ನಕ್ಕಳು.

ಅಷ್ಟೇ ಸಾಕಾಯಿತು. ಸ್ಟೂಲಿನ ಮೇಲೆ ಕೂತಿದ್ದ ಚಿಕ್ಕಪ್ಪ, ಜ್ವರ ನೋಡಲು ಬಂದ ನರ್ಸಮ್ಮನಿಗೆ ಕತೆ ಶುರು ಮಾಡಿದ. ನಮ್ಮ ಮನೆಯಲ್ಲಿ ಎಲ್ಲರೂ ಹೇಳುವ ಕತೆ ಅದು. ಬೇಸಿಗೆಯ ಒಣ ಹವೆಗೆ ಕಾಗದಕ್ಕೆ ಕಾಗದ ಅಂಟಿಕೊಂಡಿತಂತೆ, ಮಗಳ ಮದುವೆಯ ಪತ್ರಿಕೆಗಳಲ್ಲಿ ಒಂದು ಅಚ್ಚೇ ಆಗದೆ ಬೆಳ್ಳಗೆ ಉಳಿಯಿತಂತೆ, ಅದು ಹೋಗಿ ಹೋಗಿ ಮಾತು ಬಿಟ್ಟಿದ್ದ ಭಾವನ ಕೈಗೇ ಸೇರಿತಂತೆ. "ನಂದೂ ತಪ್ಪಿಲ್ಲ, ಅವರದೂ ತಪ್ಪಿಲ್ಲ ಸಿಸ್ಟರ್. ತಪ್ಪೆಲ್ಲ ಕಾಗದದ್ದು!" ಎಂದು ಚಿಕ್ಕಪ್ಪ ಮುಗಿಸುವುದು ವಾಡಿಕೆ.

ಈ ಕತೆಯನ್ನು ನಾನು ಯಾವತ್ತೂ ಪೂರ್ತಿ ನಂಬಿದವಳಲ್ಲ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಿಗೆ ಅಲೆದವಳು ನಾನು. ಆಗ ಗೆದ್ದ ಸ್ಟೀಲ್ ಲೋಟಗಳಲ್ಲೇ ನಮ್ಮ ಮನೆಯವರು ಇವತ್ತಿಗೂ ಕಾಫಿ ಕುಡಿಯುತ್ತಾರೆ, ನನ್ನ ನಾಲಿಗೆಯಿಂದ ಸಂಸಾರಕ್ಕೆ ಆದ ಲಾಭ ಅದೊಂದೇ ಎನ್ನುತ್ತಾರೆ. ಅಂಥ ನಾಲಿಗೆ ಕೇಳದೆ ಬಿಡುತ್ತದೆಯೆ? ನೂರಾರು ಪತ್ರಿಕೆಗಳಲ್ಲಿ ಒಂದೇ ಒಂದು ಖಾಲಿ, ಅದೂ ಸರಿಯಾಗಿ ಆ ಒಬ್ಬನಿಗೇ ಹೋಗಬೇಕೆಂದರೆ ಆ ಕಾಗದಕ್ಕೆ ನಮ್ಮ ಮನೆಯ ಜಗಳದ ವಿವರವೆಲ್ಲ ತಿಳಿದಿರಬೇಕಲ್ಲ!

ಆದರೆ ನೀವು ಆ ಮಿಷನ್ನನ್ನು ನೋಡಿಲ್ಲ. ಮೊದಲು ಅದನ್ನು ತೋರಿಸಿಬಿಡುತ್ತೇನೆ.

ಚಿಕ್ಕಪ್ಪನ ಪ್ರೆಸ್ಸು ಶಿಡ್ಲಘಟ್ಟದಲ್ಲಿ, ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿತ್ತು. ಮನೆಯೂ ಅದರ ಹಿಂದೆಯೇ. ಮೊದಲು ಅವನ ಹತ್ತಿರ ಇದ್ದದ್ದು ಕಾಲಲ್ಲಿ ತುಳಿದು ಓಡಿಸುವ ಟ್ರೆಡಲ್. ಅದಕ್ಕೆ ಹಾಳೆಗಳನ್ನು ಒಂದೊಂದಾಗಿ ಕೈಯಲ್ಲೇ ಉಣಿಸಬೇಕು. ಎರಡು ಹಾಳೆ ಅಂಟಿದರೆ ಬೆರಳನ್ನು ನಾಲಿಗೆಗೆ ತಾಗಿಸಿ ಬೇರ್ಪಡಿಸಿದರಾಯಿತು. ಬಸ್ ಕಂಡಕ್ಟರಿಂದ ಹಿಡಿದು ತಾಲೂಕು ಆಫೀಸಿನ ಗುಮಾಸ್ತರವರೆಗೆ ಈ ನಾಡಿನ ವ್ಯವಹಾರವೆಲ್ಲ ಎಂಜಲಿನ ಮೇಲೆ ನಿಂತಿದೆ ಎಂಬುದನ್ನು ನಾನು ಯಾವ ವೇದಿಕೆಯ ಮೇಲೆ ಬೇಕಾದರೂ ಸಾಧಿಸಬಲ್ಲೆ. ಚಿಕ್ಕಪ್ಪ ಕೊಂಚ ಮಡಿವಂತ, ಬಟ್ಟಲಲ್ಲಿ ಒದ್ದೆ ಸ್ಪಂಜು ಇಟ್ಟುಕೊಂಡಿದ್ದ.

ಆಮೇಲೆ ಬಂದದ್ದು ಸೆಕೆಂಡ್ ಹ್ಯಾಂಡ್ ಆಫ್‌ಸೆಟ್ ಮಿಷನ್ನು. ಅದಕ್ಕೆ ಯಾರೂ ಉಣಿಸಬೇಕಾಗಿಲ್ಲ. ಎದುರಿಗೆ ಹಾಳೆಗಳನ್ನು ಪೇರಿಸಿಟ್ಟರೆ ರಬ್ಬರಿನ ತುಟಿಗಳಿಂದ ತಾನೇ ಗಾಳಿ ಹೀರಿ ಒಂದೊಂದನ್ನೇ ಎತ್ತಿಕೊಳ್ಳುತ್ತದೆ. ತುಟಿಯೇನೋ ಇದೆ, ಆದರೆ ಒದ್ದೆ ಮಾಡಿಕೊಳ್ಳಲು ನಾಲಿಗೆ ಇಲ್ಲ. ಶಿವರಾತ್ರಿ ಕಳೆದು ನಮ್ಮ ಕಡೆಯ ಗಾಳಿ ಹಪ್ಪಳದಂತೆ ಒಣಗಿದಾಗ ಹಾಳೆಗಳು ಒಂದನ್ನೊಂದು ಬಿಗಿಯಾಗಿ ತಬ್ಬಿಕೊಳ್ಳುತ್ತವೆ. ಮಿಷನ್ನು ಜೋಡಿ ಜೋಡಿಯಾಗಿ ಎತ್ತಿಕೊಳ್ಳುತ್ತದೆ. ಮೇಲಿನದಕ್ಕೆ ಅಚ್ಚು ಬೀಳುತ್ತದೆ, ಕೆಳಗಿನದು ಬೆಳ್ಳಗೆ ಆಚೆ ಬಂದು ಬೀಳುತ್ತದೆ.

ಚಿಕ್ಕಪ್ಪ ನೆಲಕ್ಕೆ ನೀರು ಚಿಮುಕಿಸಿದ, ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟಿದ. ಕೊನೆಗೆ ಒಂದು ದಿನ ಮೆಡಿಕಲ್ ಸ್ಟೋರಿನಿಂದ ಡ್ರಿಪ್ಪಿನ ಪೈಪು ತಂದು, ಖಾಲಿ ಬಾಟಲಿಗೆ ನೀರು ತುಂಬಿ, ಮಿಷನ್ನಿನ ಪಕ್ಕ ಕಬ್ಬಿಣದ ಸ್ಟ್ಯಾಂಡಿಗೆ ತೂಗುಹಾಕಿದ. ಹನಿ ಹನಿಯಾಗಿ ನೀರು ಒಂದು ಫೋಮಿನ ಪಟ್ಟಿಯ ಮೇಲೆ ಬೀಳುತ್ತದೆ, ಪುಟ್ಟ ಫ್ಯಾನೊಂದು ಆ ಪಟ್ಟಿಯ ತಂಪನ್ನು ಹಾಳೆಗಳ ಅಂಚಿಗೆ ಊದುತ್ತದೆ. ಹನಿ ಹೆಚ್ಚಾದರೆ ಕಾಗದ ಮುದುರಿಕೊಳ್ಳುತ್ತದೆ, ಕಡಿಮೆಯಾದರೆ ಅಂಟಿಕೊಳ್ಳುತ್ತದೆ, ಅದಕ್ಕೇ ಪೈಪಿನ ಚಕ್ರವನ್ನು ಡಾಕ್ಟರಂತೆ ತಿರುಗಿಸುತ್ತ ಕೂರುತ್ತಿದ್ದ. ಬಿಲ್ ಬುಕ್ ಹೊಡೆಸಲು ಬಂದವರೆಲ್ಲ ಬಾಗಿಲಲ್ಲೇ ನಿಂತು, "ಏನಣ್ಣ, ಮಿಷನ್‌ಗೆ ಮೈ ಹುಷಾರಿಲ್ವಾ?" ಎಂದು ವಿಚಾರಿಸುತ್ತಿದ್ದರು. ಚಿಕ್ಕಪ್ಪ ನಗುತ್ತಿರಲಿಲ್ಲ. "ಗ್ಲೂಕೋಸ್ ಹಾಕಿದ್ ಮೇಲೆ ಒಂದೇ ಒಂದು ಹಾಳೆ ಅಂಟಿದ್ರೆ ನನ್ನ ಹೆಸ್ರು ಬದಲಾಯಿಸ್ಕೋತೀನಿ" ಎನ್ನುತ್ತಿದ್ದ. ಊರಲ್ಲೆಲ್ಲ ಅದನ್ನೇ ಹೇಳಿಕೊಂಡು ತಿರುಗಿದ.

ಆ ಮಾತು ಸಾದಲಿಗೂ ತಲುಪಿತ್ತು. ಸಾದಲಿಯಲ್ಲಿ ಇದ್ದದ್ದು ಚಿಕ್ಕಮ್ಮನ ಅಣ್ಣ, ನಾನು ಮಾವ ಎಂದು ಕರೆಯುವ ಕೃಷ್ಣಪ್ಪ. ಹಿಪ್ಪುನೇರಳೆ ತೋಟ, ರೇಷ್ಮೆಹುಳದ ಮನೆ, ಬೋಳುತಲೆ, ಕನ್ನಡಕ್ಕೆ ತೆಲುಗು ಬೆರೆತ ದೊಡ್ಡ ಗಂಟಲು. ಹಳೆಯ ಟ್ರೆಡಲ್ಲನ್ನು ಬೆಂಗಳೂರಿನಲ್ಲಿ ಹುಡುಕಿ ಆರಿಸಿ, ತನ್ನ ಟ್ರ್ಯಾಕ್ಟರಿನಲ್ಲೇ ಹೇರಿಕೊಂಡು ತಂದು ಇಳಿಸಿದವನು ಅವನೇ. ಚಿಕ್ಕಪ್ಪ ಆಫ್‌ಸೆಟ್ ತರುವ ಸಂಭ್ರಮದಲ್ಲಿ ಅವನಿಗೆ ಒಂದು ಮಾತೂ ಹೇಳದೆ ಆ ಟ್ರೆಡಲ್ಲನ್ನು ಗುಜರಿಗೆ ಹಾಕಿಬಿಟ್ಟ. "ನಾನು ತಂದಿದ್ದನ್ನ ಕಬ್ಬಿಣ ಅಂತ ತೂಕಕ್ಕೆ ಹಾಕ್ದ. ನಾಳೆ ನನ್ನನ್ನೂ ಹಾಕ್ತಾನೆ" ಎಂದು ಮಾವ ಈ ಮನೆಯ ಹೊಸಲು ತುಳಿಯುವುದನ್ನೇ ಬಿಟ್ಟ.

ಹೀಗಿರುವಾಗ ಚಿಕ್ಕಪ್ಪನ ಮಗಳು ಲತಕ್ಕನ ಮದುವೆ ಗೊತ್ತಾಯಿತು. ನಮ್ಮಲ್ಲಿ ಹುಡುಗಿಯನ್ನು ಮಂಟಪಕ್ಕೆ ಎತ್ತಿಕೊಂಡು ಬರಬೇಕಾದವನು ಸೋದರಮಾವ.

"ನಮ್ಮಣ್ಣ ಬರ್ದೇ ಇದ್ರೆ ಲತಾನ ಯಾರು ಎತ್ಕೊಂಡ್ ಬರ್ತಾರೆ?" ಎಂದಳು ಚಿಕ್ಕಮ್ಮ.

"ಎರಡು ಕಾಲ್ ಅವೆ. ನಡ್ಕೊಂಡ್ ಬರ್ತಾಳೆ" ಎಂದ ಚಿಕ್ಕಪ್ಪ.

ಆ ದಿನ ಚಿಕ್ಕಮ್ಮ ಸಾರಿಗೆ ಉಪ್ಪೇ ಹಾಕಲಿಲ್ಲ. ಚಿಕ್ಕಪ್ಪ ಸಪ್ಪೆ ಸಾರನ್ನು ಚಕಾರವೆತ್ತದೆ ಉಂಡ. ಆದರೆ ಸಾದಲಿಗೆ ಹೋಗಿ ಕರೆಯಲು ಮಾತ್ರ ಒಪ್ಪಲಿಲ್ಲ. ಗಂಡ ಹೆಂಡತಿ ಜೊತೆಗೆ ಹೋಗಿ ಕರೆಯಬೇಕಾದ ಮನೆಗೆ ಒಬ್ಬಳೇ ಹೋಗಲು ಚಿಕ್ಕಮ್ಮನಿಗೆ ಮನಸ್ಸಿಲ್ಲ. ಕೊನೆಗೆ, ರಜೆಗೆಂದು ಅಲ್ಲಿಗೆ ಬಂದಿದ್ದ ನನ್ನ ಕೈಗೆ ಬಾಯಿ ಅಂಟಿಸಿದ ಕವರೊಂದನ್ನು ಕೊಟ್ಟು, "ನೀನು ಮಾತಲ್ಲಿ ಜೋರು. ಹೋಗಿ ಕರ್ದು ಬಾರಮ್ಮ" ಎಂದಳು. ನನ್ನ ನಾಲಿಗೆಯನ್ನು ಮನೆಯವರು ಹೊಗಳಿದ್ದು ಅದೇ ಮೊದಲು. ಉಬ್ಬಿಹೋದೆ. ಚಿಕ್ಕಪ್ಪನ ಮೊಪೆಡ್ ಹತ್ತಿ ಹೊರಟೆ.

ಮಾವ ಹುಳದ ಮನೆಯಿಂದ ಹೊರಗೆ ಬಂದು, ಕೈ ತೊಳೆದು, ಕವರು ಬಿಚ್ಚಿದ. ಪತ್ರಿಕೆಯನ್ನು ಹಿಂದೆ ಮುಂದೆ ತಿರುಗಿಸಿದ. ಬಿಸಿಲಿಗೆ ಹಿಡಿದು ನೋಡಿದ. ನನ್ನ ಮುಖ ನೋಡಿದ.

"ಏಮಮ್ಮಾ ಇದಿ? ಮದುವೆ ನಿಮ್ಮನೇದಾ, ದೆವ್ವಗಳದಾ? ಒಂದಕ್ಷರಾನೂ ಕಾಣಿಸ್ತಿಲ್ಲ!"

ಬಗ್ಗಿ ನೋಡಿದೆ. ಬರೀ ಬಿಳಿ. ಆದರೆ ಎದುರಾಳಿಯ ಮುಂದೆ ತಡವರಿಸಬಾರದೆಂದು ನಮಗೆ ಕಲಿಸಿದ್ದಾರೆ. ತಕ್ಷಣ ಗಾಳಿಯ ತೇವ, ಕಾಗದದ ಮೈಮೇಲೆ ಹುಟ್ಟುವ ವಿದ್ಯುತ್ತು, ಎರಡು ಹಾಳೆಗಳ ಆಕರ್ಷಣೆ ಎಂದು ಭಾಷಣ ಆರಂಭಿಸಿದೆ. ಸಾಕ್ಷಿಗೆ ಬಾಚಣಿಗೆ ತೆಗೆದು ತಲೆಗೆ ಉಜ್ಜಿ, ಕಾಗದದ ಚೂರುಗಳ ಮೇಲೆ ಹಿಡಿದೆ. ಬೆಳಿಗ್ಗೆ ತಾನೇ ಚಿಕ್ಕಮ್ಮ ನನ್ನ ತಲೆಗೆ ಕೊಬ್ಬರಿ ಎಣ್ಣೆ ಸುರಿದಿದ್ದಳು. ಒಂದು ಚೂರೂ ಮೇಲೇಳಲಿಲ್ಲ. ಉಜ್ಜಿ ತೋರಿಸೋಣವೆಂದರೆ ಮಾವನ ತಲೆಯಲ್ಲಿ ಕೂದಲೇ ಇಲ್ಲ.

ಮಾವ ತಾಳ್ಮೆಯಿಂದ ಎಲ್ಲ ನೋಡಿ ಕೇಳಿದ: "ನಿಮ್ ಚಿಕ್ಕಪ್ಪ ಗ್ಲೂಕೋಸ್ ಹಾಕಿದ್ ಮೇಲೆ ಒಂದು ಹಾಳೆನೂ ಅಂಟಲ್ಲ ಅಂತಾನಲ್ಲ, ಈ ಪತ್ರಿಕೆ ಹೊಡ್ದಿದ್ದು ಅದಕ್ಕೆ ಮುಂಚೇನಾ, ಆಮೇಲಾ?"

"ಆಮೇಲೆ" ಎಂದುಬಿಟ್ಟೆ.

"ಹಂಗಾದ್ರೆ ಲೆಕ್ಕ ಸುಲಭ ಕಣಮ್ಮ. ಅವನ ಮಿಷನ್ ಸರಿಯಾಗಿದ್ರೆ, ಬೇಕಂತ್ಲೇ ಖಾಲಿ ಕಳ್ಸಿ ನನಗೆ ಅವಮಾನ ಮಾಡವ್ನೆ. ಅವಮಾನ ಮಾಡಿಲ್ಲ ಅಂದ್ರೆ, ಅವನ ಮಿಷನ್ ಸರಿ ಇಲ್ಲ. ಯಾವ್ದು ಅಂತ ಅವನ ಬಾಯಲ್ಲೇ ಕೇಳ್ತೀನಿ. ಪದಮ್ಮಾ, ನಡಿ ಹೋಗಣ!"

ಇಂಥ ಇಕ್ಕಳವನ್ನು ನಾನು ಯಾವ ಸ್ಪರ್ಧೆಯಲ್ಲೂ ಕಂಡಿರಲಿಲ್ಲ. ಬಾಯಿ ಮುಚ್ಚಿಕೊಂಡು ಮೊಪೆಡ್ ಸ್ಟಾರ್ಟ್ ಮಾಡಿದೆ. ಮಾವ ಉಟ್ಟ ಲುಂಗಿಯಲ್ಲೇ ಹಿಂದೆ ಹತ್ತಿ ಕೂತ. ದಾರಿಯುದ್ದಕ್ಕೂ ಒಂದು ಕೈಯಲ್ಲಿ ಲುಂಗಿ, ಇನ್ನೊಂದು ಕೈಯಲ್ಲಿ ಖಾಲಿ ಪತ್ರಿಕೆ.

ಪ್ರೆಸ್ಸಿನಲ್ಲಿ ಆ ಪ್ರಶ್ನೆ ಚಿಕ್ಕಪ್ಪನ ಮುಂದೆ ಬಿದ್ದಾಗ ಅವನ ಮುಖ ನೀವು ನೋಡಬೇಕಿತ್ತು. ಒಂದು ಕಡೆ ಭಾವ, ಇನ್ನೊಂದು ಕಡೆ ಬಾಟಲಿ. "ಏನೋ ಒಂದು ಅಂಟಿರ್ಬೋದು ಬಾವ" ಎಂದು ಗೊಣಗಿದ.

"ಅಂಟ್ತದಾ? ತೋರ್ಸು."

ಚಿಕ್ಕಪ್ಪ ಮಿಷನ್ ಓಡಿಸಿದ. ಹಾಳೆಗಳು ಒಂದರ ಹಿಂದೆ ಒಂದು, ಶಾಲೆಯ ಮಕ್ಕಳ ಸಾಲಿನಂತೆ ಶಿಸ್ತಾಗಿ ಹೊರಟವು. ಒಂದೂ ಅಂಟಲಿಲ್ಲ. ಚಿಕ್ಕಪ್ಪ ಮೆಲ್ಲಗೆ ಡ್ರಿಪ್ಪಿನ ಚಕ್ರ ತಿರುಗಿಸಿ ನೀರು ನಿಲ್ಲಿಸಿದ. ಆಗಲೂ ಅಂಟಲಿಲ್ಲ. ಫೋಮಿನ ಪಟ್ಟಿಯನ್ನೇ ಕಿತ್ತು ಪಕ್ಕಕ್ಕಿಟ್ಟ. ಮಿಷನ್ನು ಇನ್ನೂ ಉತ್ಸಾಹದಿಂದ ಓಡಿತು. ಬೇಸಿಗೆಯಿಡೀ ಅವನನ್ನು ಗೋಳುಹೊಯ್ದುಕೊಂಡ ಯಂತ್ರ, ಕೆಡಲಿ ಎಂದು ಅವನು ಬೇಡಿಕೊಂಡ ಒಂದೇ ಒಂದು ಸಲ ಕೆಡಲಿಲ್ಲ. ಅಷ್ಟು ದಿನ ತೇವ ಕುಡಿದ ಕಾಗದ ಒಂದೇ ಗಳಿಗೆಯಲ್ಲಿ ಒಣಗುವುದಿಲ್ಲ ಎಂದು ನಾನು ವಾದಿಸಲು ಹೋದೆ. "ಸುಮ್ನಿರಮ್ಮ" ಎಂದರು ಇಬ್ಬರೂ. ಬಹಳ ದಿನಗಳ ಮೇಲೆ ಅವರಿಬ್ಬರೂ ಒಮ್ಮತಕ್ಕೆ ಬಂದ ವಿಷಯ ಅದೊಂದೇ.

ನಡುಬಾಗಿಲಲ್ಲಿ ಚಿಕ್ಕಮ್ಮ ಬಂದು ನಿಂತಿದ್ದಳು. ಗಂಡನನ್ನೇ ನೋಡುತ್ತಿದ್ದಳು. ಮಾವ ಪತ್ರಿಕೆಯನ್ನು ಮಡಿಸಿ ಜೇಬಿಗಿಟ್ಟು, "ಸರಿ ಬಿಡು. ಮಿಷನ್ ಚೆನ್ನಾಗೈತೆ. ನನಗೆ ಅರ್ಥ ಆಯ್ತು" ಎಂದು ಬೀದಿಯ ಕಡೆ ತಿರುಗಿದ.

ಚಿಕ್ಕಪ್ಪ ಸ್ವಿಚ್ ಆರಿಸಿದ. ಮಸಿಬಟ್ಟೆಯಲ್ಲಿ ಕೈ ಒರೆಸಿಕೊಂಡ. ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡ.

"ಬಾವ, ಮಿಷನ್ ಸರಿ ಇಲ್ಲ."

ಮಾವ ನಿಂತ.

"ಗ್ಲೂಕೋಸೂ ಸುಳ್ಳು. ಊರಲ್ಲಿ ಹೇಳ್ಕೊಂಡ್ ಓಡಾಡಿದ್ದೆಲ್ಲ ಬರೀ ಬಡಾಯಿ. ಟ್ರೆಡಲ್ ಗುಜರಿಗೆ ಹಾಕ್ಬಾರ್ದಿತ್ತು. ನೀವು ಬಂದು ಹುಡುಗಿನ ಎತ್ಕೊಳ್ಳಿ."

ಕಣ್ಣೆದುರೇ ಚಿನ್ನದಂತೆ ಓಡಿದ ಯಂತ್ರವನ್ನು ಕೆಟ್ಟಿದೆ ಎಂದು ಒಪ್ಪಿಕೊಂಡ ಮನುಷ್ಯನಿಗೆ ಯಾರು ತಾನೆ ಏನು ಉತ್ತರ ಕೊಡಬೇಕು? ಮಾವ ಸುತ್ತ ಕಣ್ಣಾಡಿಸಿದ. ಕಿತ್ತಿಟ್ಟ ಫೋಮಿನ ಪಟ್ಟಿ ಕಂಡಿತು. ಎತ್ತಿಕೊಂಡು ಹಿಸುಕಿ ನೋಡಿದ.

"ಇದು ನಮ್ಮ ಹುಳದ ಮನೇದಲ್ವಾ? ಮರಿಹುಳದ ತಟ್ಟೆ ಸುತ್ತ ಇಡೋದು?"

"ನಾನೇ ಅಮ್ಮನ ಮನೆಗೆ ಹೋಗಿದ್ದಾಗ ತಂದಿದ್ದೆ" ಎಂದಳು ಬಾಗಿಲಲ್ಲಿದ್ದ ಚಿಕ್ಕಮ್ಮ.

"ತಂದ್ರೆ ಸಾಕಾ? ಹಿಂಗಾ ಇಡೋದು ಇದನ್ನ? ಇಷ್ಟು ನೀರು ಕುಡ್ಸಿದ್ರೆ ನಮ್ಮ ಹುಳ ಒಂದೂ ಉಳಿಯಲ್ಲ! ಹಿಂಡಿ ಇಡ್ಬೇಕಯ್ಯಾ, ಹಿಂಡಿ! ಯಾರು ಹೇಳಿದ್ದು ಮಿಷನ್ ಸರಿ ಇಲ್ಲ ಅಂತ? ನಿನಗೆ ಇಡೋಕ್ ಬರಲ್ಲ ಅನ್ನು!"

ಸ್ವಲ್ಪ ಹೊತ್ತಿಗೆ ಬೋಳುತಲೆಯೊಂದು, ನರೆತ ತಲೆಯೊಂದು ಮಿಷನ್ನಿನ ಮೇಲೆ ಬಗ್ಗಿ, ಹನಿ ಹೆಚ್ಚಾಯಿತು ಕಡಿಮೆಯಾಯಿತು ಎಂದು ಕಿತ್ತಾಡುತ್ತಿದ್ದವು. ಚಿಕ್ಕಮ್ಮ ಕಾಫಿ ತಂದುಕೊಟ್ಟಳು. ಮಾವ ಒಂದು ಗುಟುಕು ಕುಡಿದು, "ಸಕ್ಕರೆ ಎಲ್ಲಮ್ಮಾ?" ಎಂದು ಗದರಿದ. ಗದರಿಸಿಕೊಂಡ ಚಿಕ್ಕಮ್ಮನ ಮುಖ ಅಷ್ಟು ಅರಳಿದ್ದನ್ನು ನಾನು ಕಂಡೇ ಇರಲಿಲ್ಲ. ಮದುವೆಯ ದಿನ ಮಾವ ಲತಕ್ಕನನ್ನು ಎತ್ತಿಕೊಂಡು ಮಂಟಪಕ್ಕೆ ಬಂದ. ನಾಲ್ಕು ಹೆಜ್ಜೆಗೇ ಏದುಸಿರು ಬಿಡುತ್ತ, "ಇವಳಿಗೂ ಗ್ಲೂಕೋಸ್ ಹಾಕಿದ್ರೇನ್ರೋ?" ಎಂದು ಕೂಗಿದ.

ಅವನನ್ನು ಸಾದಲಿಯಿಂದ ಎಬ್ಬಿಸಿ ತಂದದ್ದು ನನ್ನ ವಾದ ಎಂದು ನಾನು ಬಹಳ ಕಾಲ ಬೀಗಿದ್ದುಂಟು. ವಾದದಲ್ಲಿ ಸೋತಿದ್ದರೂ ಮನುಷ್ಯನನ್ನಂತೂ ಕರೆತಂದಿದ್ದೆನಲ್ಲ!

ಮೊನ್ನೆ ಆಸ್ಪತ್ರೆಯಲ್ಲಿ ಚಿಕ್ಕಪ್ಪನ ಕತೆ ಮುಗಿಯುವ ಹೊತ್ತಿಗೆ ಮಾವನೂ ಎಳನೀರು ಹಿಡಿದು ಬಂದ. ಬಂದವನೇ ನರ್ಸಮ್ಮನಿಗೆ ತನ್ನ ಪಾಲಿನ ಕತೆ ಸೇರಿಸಿದ: "ಎಂಥ ಪತ್ರಿಕೆ ಅಂತೀಯಮ್ಮ! ನಾಲ್ಕು ಮೂಲೆಗೂ ನೀಟಾಗಿ ಅರಿಶಿನ ಹಚ್ಚವ್ರೆ, ಮಧ್ಯದಲ್ಲಿ ಗಂಡಿಲ್ಲ, ಹೆಣ್ಣಿಲ್ಲ, ಊರಿಲ್ಲ!"

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ನಾನು ನಗಲಿಲ್ಲ. ಅರಿಶಿನದ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಅಂದು ಗಾಬರಿಯಲ್ಲಿ ನಾನು ನೋಡಿದ್ದು ಪತ್ರಿಕೆಯ ಮಧ್ಯವನ್ನು, ಮೂಲೆಗಳನ್ನಲ್ಲ. ಮಿಷನ್ನು ಹಾಳೆಯನ್ನು ಖಾಲಿ ಬಿಡಬಹುದು, ಅರಿಶಿನ ಹಚ್ಚಲಾರದು. ಅರಿಶಿನ ಹಚ್ಚಬೇಕಾದರೆ ಪತ್ರಿಕೆಯನ್ನು ಮುಂದೆ ಹರಡಿಕೊಂಡು ಒಂದೊಂದು ಮೂಲೆಗೂ ಬೆರಳು ಊರಬೇಕು. ಆ ಮನೆಯಲ್ಲಿ ಆ ಕೆಲಸವನ್ನು ಬೇರೆ ಯಾರಿಗೂ ಬಿಡದೆ, ಚಾಪೆಯ ಮೇಲೆ ಕೂತು ಅಷ್ಟನ್ನೂ ಮಾಡಿದವಳು ಒಬ್ಬಳೇ. ಮರ್ಯಾದೆಯಾಗಿ ಕರೆದರೆ ಬಿಗುಮಾನದಿಂದ ಕೂರುವ ಮಾವ ಜಗಳಕ್ಕಾದರೆ ಲುಂಗಿಯಲ್ಲೇ ಓಡಿ ಬರುತ್ತಾನೆ ಎಂಬುದೂ ಅವನ ಜೊತೆ ಬೆಳೆದವಳಿಗೆ ಗೊತ್ತಿಲ್ಲದ್ದೇನಲ್ಲ.

ಗಂಡಸರಿಬ್ಬರೂ ಕಾಫಿಗೆಂದು ಕೆಳಗೆ ಇಳಿದರು. ನರ್ಸಮ್ಮ ಪಕ್ಕದ ಮಂಚಕ್ಕೆ ಹೋದರು. ನಾನು ಸ್ಟೂಲನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡೆ. ನಾನು ಬಾಯಿ ತೆರೆಯುವ ಮೊದಲೇ ಚಿಕ್ಕಮ್ಮ ಗೋಡೆಯ ಕಡೆ ಮಗ್ಗುಲಾಗಿ, ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡಳು. ನಿದ್ದೆ ಬಂದಿರಲಿಲ್ಲ. ಅದು ನನಗೂ ಗೊತ್ತಿತ್ತು.

"ಚಿಕ್ಕಮ್ಮ, ಆ ಪತ್ರಿಕೆಗೆ ಅರಿಶಿನ ಹಚ್ಚೋವಾಗ ಅದು ಖಾಲಿ ಅಂತ ನಿನಗೆ ಕಾಣಿಸ್ಲಿಲ್ವಾ?"